ನಕಲು, ಅಸಲು ಮತ್ತು ಒಂದು ಹಾಡಿನ ಋಣ

ನಕಲು ಎಂಬ ಮಾತು ಕನ್ನಡದಲ್ಲಿ ಬೈಗುಳವಾಗಿಬಿಟ್ಟಿದೆ. ಪರೀಕ್ಷೆಯಲ್ಲಿ ನಕಲು ಮಾಡಿದವನನ್ನು ಹೊರಗೆ ಕಳಿಸುತ್ತೇವೆ. ನಕಲಿ ನೋಟು, ನಕಲಿ ಡಾಕ್ಟರು, ನಕಲಿ ಔಷಧಿ ಎಂದರೆ ಬೆಚ್ಚಿ ಬೀಳುತ್ತೇವೆ. ಆದರೆ ಅರಬಿಯಿಂದ ಫಾರಸಿ, ಉರ್ದುಗಳ ಮೂಲಕ ನಮ್ಮ ಮನೆಗೆ ಬಂದ ಈ ಪದಕ್ಕೆ ಮೂಲದಲ್ಲಿ ಇಂಥ ಕಳಂಕವಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಎಂಬುದು ಅದರ ಹಳೆಯ ಅರ್ಥ. ಉರ್ದುವಿನಲ್ಲಿ ಇಂದಿಗೂ ಊರು ಬಿಟ್ಟು ಊರಿಗೆ ಹೋಗುವುದನ್ನು ‘ನಕ್ಲೆ ಮಕಾನಿ’ ಎನ್ನುತ್ತಾರೆ. ಇನ್ನು ಅಸಲು ಎಂದರೆ ಬೇರು. ನಮ್ಮ ಸಂತೆಯ ಸಾಲಗಾರನಿಗೆ ಮಾತ್ರ ಅದು ಬಡ್ಡಿಯ ಜೊತೆ ಹಿಂದಿರುಗಿಸಬೇಕಾದ ಮೂಲಧನ.

ಇನ್ನೊಬ್ಬರ ದನಿಯಲ್ಲಿ ಹಾಡುವವನನ್ನು ಪ್ರಾಮಾಣಿಕ ಕಲಾವಿದ ಎನ್ನಬಹುದೇ? ಈ ಪ್ರಶ್ನೆಯನ್ನು ತೂಗಿ ನೋಡಲು ದೂರದ ಐರ್ಲೆಂಡಿನ ಒಬ್ಬ ಹಾಡುಗಾರನ ಬದುಕು ಒಳ್ಳೆಯ ತಕ್ಕಡಿ. ಅವನ ಹೆಸರು ಲ್ಯಾರಿ ಕನ್ನಿಂಗ್‌ಹ್ಯಾಮ್.

1950ರ ದಶಕದ ಐರ್ಲೆಂಡ್ ಬಡ ದೇಶ. ಆ ಹತ್ತು ವರ್ಷಗಳಲ್ಲಿ ಸುಮಾರು 4 ಲಕ್ಷ ಜನ ಕೂಲಿ ಹುಡುಕಿ ದೇಶ ಬಿಟ್ಟರು. ಹೆಚ್ಚಿನವರು ಇಂಗ್ಲೆಂಡಿಗೆ ಹೋಗಿ ಕಟ್ಟಡ ಕಟ್ಟಿದರು, ರಸ್ತೆ ಅಗೆದರು, ಆಸ್ಪತ್ರೆಗಳಲ್ಲಿ ದಾದಿಯರಾದರು. 1961ರ ಜನಗಣತಿಯಲ್ಲಿ ಐರಿಶ್ ಗಣರಾಜ್ಯದ ಜನಸಂಖ್ಯೆ ಸುಮಾರು 28 ಲಕ್ಷಕ್ಕೆ ಇಳಿದಿತ್ತು. ಊರಲ್ಲೇ ಉಳಿದ ಯುವಜನರಿಗೆ ವಾರದ ಆಸೆ ಒಂದೇ, ಡ್ಯಾನ್ಸ್ ಹಾಲ್. ಹೆಂಗಸರು ಒಂದು ಗೋಡೆಯ ಬದಿಗೆ, ಗಂಡಸರು ಎದುರಿನ ಗೋಡೆಯ ಬದಿಗೆ. ಮದ್ಯವಿಲ್ಲ, ಚಹಾ ಮತ್ತು ನಿಂಬೆ ಪಾನಕ. 1935ರ ಕಾಯ್ದೆಯ ಪ್ರಕಾರ ಹಾಲ್ ನಡೆಸಲು ನ್ಯಾಯಾಲಯದ ಪರವಾನಗಿ ಬೇಕಿತ್ತು. ಊರ ಪಾದ್ರಿಯ ಕಣ್ಣು ಇದ್ದೇ ಇತ್ತು. ಕ್ರೈಸ್ತರ ಉಪವಾಸದ ನಲವತ್ತು ದಿನ ಹಾಲ್‌ಗಳಿಗೆ ಬೀಗ. ಆಗ ವಾದ್ಯತಂಡಗಳು ಸಮುದ್ರ ದಾಟಿ ಇಂಗ್ಲೆಂಡಿನ ಐರಿಶ್ ವಲಸಿಗರಿಗೆ ಹಾಡಲು ಹೋಗುತ್ತಿದ್ದವು.

ಈ ತಂಡಗಳೇ ಶೋಬ್ಯಾಂಡ್‌ಗಳು. ಒಂದೇ ಬಗೆಯ ಸೂಟು ತೊಟ್ಟ ಏಳೆಂಟು ಮಂದಿ, ಗಿಟಾರು, ಡ್ರಮ್ಮು, ತುತ್ತೂರಿ, ಸ್ಯಾಕ್ಸೊಫೋನು. ಮೊದಲಿನ ತಂಡಗಳಂತೆ ಕುರ್ಚಿಯಲ್ಲಿ ಕೂತು ನುಡಿಸದೆ ಎದ್ದುನಿಂತು ಕುಣಿಯುತ್ತ ನುಡಿಸಿದರು. ರೇಡಿಯೋದಲ್ಲಿ ಈ ವಾರ ಬಂದ ಅಮೆರಿಕದ, ಇಂಗ್ಲೆಂಡಿನ ಹಾಡನ್ನು ಮುಂದಿನ ವಾರ ಹಳ್ಳಿಯ ಹಾಲ್‌ನಲ್ಲಿ ಒಪ್ಪಿಸುವುದೇ ಅವರ ಕಸುಬು. ಎಷ್ಟು ಮೂಲದಂತೆಯೇ ಇದೆಯೋ ಅಷ್ಟು ಚಪ್ಪಾಳೆ. ಇದರಲ್ಲಿ ಹಣವೂ ಚೆನ್ನಾಗಿ ಓಡಾಡಿತು. ಅಣ್ಣನ ಜೊತೆ ಸೇರಿ ಇಂಥ ಹಾಲ್‌ಗಳ ಸರಣಿಯನ್ನೇ ನಡೆಸಿದ ಆಲ್ಬರ್ಟ್ ರೆನಾಲ್ಡ್ಸ್ 1992ರಲ್ಲಿ ಆ ದೇಶದ ಪ್ರಧಾನಿಯಾದರು.

ಕನ್ನಿಂಗ್‌ಹ್ಯಾಮ್ ಹುಟ್ಟಿದ್ದು 1938ರಲ್ಲಿ, ಲಾಂಗ್‌ಫರ್ಡ್ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಹದಿನಾರಕ್ಕೆ ಇಂಗ್ಲೆಂಡಿಗೆ ಹೋಗಿ ಬಡಗಿ ಕೆಲಸ ಮಾಡಿದ. 1958ರಲ್ಲಿ ಊರಿಗೆ ಮರಳಿ, ಉಳಿ ಹಿಡಿದ ಕೈಯಿಂದಲೇ ಹಾಡಿನ ದಾರಿ ಹಿಡಿದ. 1960ರ ದಶಕದ ಆರಂಭದಲ್ಲಿ ಕ್ಯಾವನ್ ಜಿಲ್ಲೆಯ ‘ಮೈಟಿ ಏವನ್ಸ್’ ತಂಡದ ಗಾಯಕನಾದ. ಅವನದು ಮಂದ್ರದಲ್ಲಿ ಮೆತ್ತಗೆ ಹರಿಯುವ ಕಂಠ. ಕೇಳಿದವರು ಜಿಮ್ ರೀವ್ಸ್‌ನನ್ನು ನೆನೆಯುತ್ತಿದ್ದರು. ರೀವ್ಸ್ ಟೆಕ್ಸಸ್‌ನವನು, ಅಮೆರಿಕದ ಕಂಟ್ರಿ ಸಂಗೀತದ ದೊಡ್ಡ ಹೆಸರು. ಆತ 1963ರಲ್ಲಿ ಐರ್ಲೆಂಡ್ ಪ್ರವಾಸಕ್ಕೆ ಬಂದಾಗ ಹಾಲ್‌ಗಳ ಶ್ರುತಿಗೆಟ್ಟ ಪಿಯಾನೊಗಳಿಂದ ರೋಸಿಹೋಗಿದ್ದ. ಡೊನೆಗಾಲ್ ಜಿಲ್ಲೆಯ ಲಿಫರ್ಡ್‌ನಲ್ಲಿ ಒಂದು ರಾತ್ರಿ ಪಿಯಾನೊ ಸರಿಯಿಲ್ಲವೆಂದು ವೇದಿಕೆ ಬಿಟ್ಟೇ ಹೋದ. ಅಂದು ಜನರನ್ನು ಸಂಭಾಳಿಸಿದ್ದು ಮೈಟಿ ಏವನ್ಸ್. ಅಸಲಿ ಎದ್ದುಹೋದ ಜಾಗದಲ್ಲಿ ನಕಲಿ ನಿಂತು ಹಾಡಿದ, ಆ ರಾತ್ರಿಯಿಂದ ತಂಡದ ಹೆಸರು ಹಬ್ಬಿತು.

1964ರ ಜುಲೈ 31ರಂದು ರೀವ್ಸ್ ವಿಮಾನ ಅಪಘಾತದಲ್ಲಿ ಸತ್ತ. ಅದೇ ವರ್ಷ ಕನ್ನಿಂಗ್‌ಹ್ಯಾಮ್ ‘ಟ್ರಿಬ್ಯೂಟ್ ಟು ಜಿಮ್ ರೀವ್ಸ್’ ಎಂಬ ಹಾಡನ್ನು ಧ್ವನಿಮುದ್ರಿಸಿದ. ಡಿಸೆಂಬರಿನಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಕೆಳಗಿನ ಮೆಟ್ಟಿಲನ್ನು ಮುಟ್ಟಿತು. ಐರ್ಲೆಂಡಿನ ಕಂಟ್ರಿ ಗಾಯಕನೊಬ್ಬ ಆ ಪಟ್ಟಿಗೆ ಏರಿದ್ದು ಅದೇ ಮೊದಲು.

ಇಂಥವರ ಮೇಲಿನ ಆರೋಪ ಹಳೆಯದು. ಪಾಪಾಸುಕಳ್ಳಿಯನ್ನೇ ಕಾಣದವನು ಟೆಕ್ಸಸ್‌ನ ಉಚ್ಚಾರಣೆಯಲ್ಲಿ ಹಾಡಿದರೆ ಅದು ವೇಷವಲ್ಲದೆ ಇನ್ನೇನು? ಇಷ್ಟು ಹಾಲ್‌ಗಳು, ಇಷ್ಟು ತಂಡಗಳು ಇದ್ದೂ ಹೊಸ ಹಾಡು ಕಟ್ಟುವ ಧೈರ್ಯವನ್ನು ಒಂದು ಪೀಳಿಗೆ ಕಳೆದುಕೊಂಡಿತಲ್ಲ? ಈ ಮಾತನ್ನು ನಾವು ತಳ್ಳಿಹಾಕಲಾರೆವು. ಆದರೆ ವ್ಯಾನ್ ಮಾರಿಸನ್, ರೋರಿ ಗ್ಯಾಲಗರ್ ಇಬ್ಬರೂ ಹುಡುಗರಾಗಿದ್ದಾಗ ಶೋಬ್ಯಾಂಡ್‌ಗಳಲ್ಲಿ ನುಡಿಸಿ ಕೈ ಪಳಗಿಸಿಕೊಂಡವರು ಎಂಬುದನ್ನೂ ಮರೆಯಬಾರದು. ಗುರುವಿನ ದನಿಯನ್ನು ಅನುಕರಿಸದೆ ಸ್ವಂತ ದನಿ ಹುಟ್ಟಿದ ಉದಾಹರಣೆ ಯಾವ ಸಂಗೀತದಲ್ಲೂ ಅಪರೂಪ.

ಆರೋಪಿಗಳು ಅಸಲಿ ಎಂದು ತೋರಿಸುವ ವಸ್ತುವನ್ನೇ ಸ್ವಲ್ಪ ಕೆದಕಿ ನೋಡೋಣ. ಅಮೆರಿಕದ ಕಂಟ್ರಿ ಸಂಗೀತ ಎಲ್ಲಿಂದ ಬಂತು? ಅಪಲಾಚಿಯನ್ ಬೆಟ್ಟಗಳಲ್ಲಿ ನೆಲೆನಿಂತ ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡಿನ ವಲಸಿಗರ ಕಥನಗೀತೆ ಮತ್ತು ಪಿಟೀಲಿನ ಮಟ್ಟುಗಳು ಅದರ ಒಂದು ಬೇರು. ಹಾಗಾದರೆ ಐರ್ಲೆಂಡಿನ ಹುಡುಗ ಅದನ್ನು ಹಾಡಿದಾಗ ಮೊಮ್ಮಗಳು ಅಜ್ಜಿಮನೆಗೆ ಬಂದಂತೆ. ಇನ್ನೊಂದು ಬೇರು ಆಫ್ರಿಕದ್ದು. ಆ ಸಂಗೀತದ ಗುರುತೇ ಆಗಿಹೋದ ಬ್ಯಾಂಜೊ ವಾದ್ಯ, ಸರಪಳಿ ಬಿಗಿದು ತಂದ ಗುಲಾಮರ ನೆನಪಿನಿಂದ ಮರುಹುಟ್ಟು ಪಡೆದದ್ದು. ಬಿಳಿಯರು ಅದನ್ನು ಎತ್ತಿಕೊಂಡರು, ಕರಿಯರ ವೇಷ ಹಾಕಿ ನಗೆಪಾಟಲಿಗೂ ಬಳಸಿದರು, ಕೊನೆಗೆ ಅದು ತಮ್ಮದೇ ಎಂಬಂತೆ ನಡೆದುಕೊಂಡರು.

ನಮಗೆ ತೋರುವ ನೈತಿಕ ಗೆರೆ ಇಲ್ಲಿದೆ. ಎರಡೂ ಕಡೆ ನಕಲು ನಡೆದಿದೆ. ಒಂದು ಕಡೆ ಸಾಲ ಕೊಟ್ಟವನ ಹೆಸರನ್ನೇ ಅಳಿಸಲಾಯಿತು, ಮೇಲೆ ಅವನನ್ನು ಅಣಕಿಸಲಾಯಿತು. ಇನ್ನೊಂದು ಕಡೆ ಹಾಡುಗಾರ ಹಾಡಿನ ಶೀರ್ಷಿಕೆಯಲ್ಲೇ ಸಾಲ ಕೊಟ್ಟವನ ಹೆಸರು ಬರೆದ. ದನಿ ಹೋಲುವುದು ಪಾಪವಲ್ಲ, ಋಣ ಮುಚ್ಚಿಡುವುದು ಪಾಪ. ಆದರೆ ಹೆಸರು ಹೇಳಿದಷ್ಟಕ್ಕೆ ಸಾಲ ತೀರಿತೇ? ಪಡೆದ ದನಿಯನ್ನು ಯಾರಿಗಾಗಿ ಬಳಸಿದ ಎಂಬ ಪ್ರಶ್ನೆ ಉಳಿಯುತ್ತದೆ.

ಉತ್ತರ ಮರುವರ್ಷವೇ ಬಂತು. 1965ರಲ್ಲಿ ಅವನು ಹಾಡಿದ ‘ಲವ್ಲಿ ಲೀಟ್ರಿಮ್’ ಐರ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೇರಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತೆಂದು ಲೆಕ್ಕ. ಅದನ್ನು ಬರೆದವನು ಲೀಟ್ರಿಮ್ ಜಿಲ್ಲೆ ಬಿಟ್ಟುಹೋಗಿ ನ್ಯೂಯಾರ್ಕಿನಲ್ಲಿ ಪೊಲೀಸನಾಗಿದ್ದ ಫಿಲ್ ಫಿಟ್ಜ್‌ಪ್ಯಾಟ್ರಿಕ್. 1947ರಲ್ಲಿ ದರೋಡೆಕೋರರನ್ನು ತಡೆಯಲು ಹೋಗಿ ಗುಂಡೇಟಿಗೆ ಸತ್ತ. ತನ್ನ ಸಾಲುಗಳನ್ನು ಇಡೀ ದೇಶ ಗುನುಗುವುದನ್ನು ಅವನು ಕೇಳಲಿಲ್ಲ. ಅಮೆರಿಕದಲ್ಲಿ ಕೂತು ಐರ್ಲೆಂಡಿನವನು ಬರೆದದ್ದನ್ನು, ಐರ್ಲೆಂಡಿನಲ್ಲಿ ನಿಂತು ಅಮೆರಿಕದ ಧಾಟಿಯಲ್ಲಿ ಇನ್ನೊಬ್ಬ ಹಾಡಿದ. ಹಾಡೂ ನಕ್ಲೆ ಮಕಾನಿ ಮಾಡಿತು, ಊರಿಗೆ ವಾಪಸಾಯಿತು.

ಇಲ್ಲೂ ಒಂದು ಮುಳ್ಳಿದೆ. ಲೀಟ್ರಿಮ್‌ನ ಜನಸಂಖ್ಯೆ 1841ರಲ್ಲಿ ಸುಮಾರು 1,55,000. ಕ್ಷಾಮ ಮತ್ತು ವಲಸೆಗಳಿಂದ 1966ರ ಹೊತ್ತಿಗೆ ಉಳಿದದ್ದು ಸುಮಾರು 30,000. ಮಕ್ಕಳಿಗೆ ಅನ್ನ ಕೊಡಲಾಗದ ನೆಲವನ್ನು ಚೆಲುವೆ ಎಂದು ಹಾಡುವುದು ಸುಳ್ಳಲ್ಲವೇ? ಊರು ಬಿಡಿಸಿದ ಆಡಳಿತವನ್ನು, ಬಡತನವನ್ನು ಪ್ರಶ್ನಿಸಬೇಕಾದವರ ಕಣ್ಣಿಗೆ ಸಿಹಿ ನೀರು ಚಿಮುಕಿಸಿದಂತೆ ಆಗಲಿಲ್ಲವೇ?

ಹಾಡು ಜಮೀನು ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ. ಆ ಕೆಲಸ ಅಧಿಕಾರದಲ್ಲಿ ಇದ್ದವರದು, ಅವರು ಅದನ್ನು ಮಾಡಲಿಲ್ಲ. ಊರಿನ ಚೆಲುವನ್ನು ಅವರು ಹೊಗಳಿದ್ದರೆ ಅದು ವಂಚನೆಯೇ. ಊರು ಬಿಟ್ಟವನು ಅದೇ ಮಾತು ಹೇಳಿದಾಗ ಅದು ಸಾಕ್ಷ್ಯ. ಏನನ್ನು ಕಳೆದುಕೊಂಡೆವು ಎಂದು ಹೇಳಲು ಬರದವನಿಗೆ ಅದನ್ನು ಯಾರು ಕಸಿದರು ಎಂದು ಕೇಳಲೂ ಬರುವುದಿಲ್ಲ. ಲಂಡನ್ನಿನ ಐರಿಶ್ ಹಾಲ್‌ಗಳಲ್ಲಿ ವಾರವಿಡೀ ಸಿಮೆಂಟು ಹೊತ್ತ ಕೈಗಳು ಈ ಹಾಡಿಗೆ ಜೊತೆ ಹಿಡಿದು ಕುಣಿದಾಗ, ಹಾಡುಗಾರನ ಉಚ್ಚಾರಣೆ ಎಲ್ಲಿಯದೆಂದು ವಿಚಾರಿಸುವ ಪುರುಸೊತ್ತು ಅವಕ್ಕಿರಲಿಲ್ಲ. ಹಾಡುತ್ತಿದ್ದವನೂ ಹದಿಹರೆಯದಲ್ಲಿ ಅದೇ ಇಂಗ್ಲೆಂಡಿನಲ್ಲಿ ಮರ ಕೊಯ್ದವನು.

ಶೋಬ್ಯಾಂಡ್ ಕಾಲ 1970ರ ದಶಕದಲ್ಲಿ ಮುಗಿಯುತ್ತ ಬಂತು. ಡಿಸ್ಕೊ ಬಂತು, ಹೋಟೆಲುಗಳು ಬಂದವು. 1975ರ ಜುಲೈ 31ರಂದು ಮಯಾಮಿ ಶೋಬ್ಯಾಂಡಿನ ಮೂವರನ್ನು ಉತ್ತರ ಐರ್ಲೆಂಡಿನ ರಸ್ತೆಯಲ್ಲಿ ಉಗ್ರರು ಗುಂಡಿಟ್ಟು ಕೊಂದ ಮೇಲೆ ಗಡಿ ದಾಟಿ ಹಾಡಲು ಹೋಗುವವರಿಗೆ ಜೀವಭಯ ಅಂಟಿಕೊಂಡಿತು. ಕನ್ನಿಂಗ್‌ಹ್ಯಾಮ್ ಆ ಹೊತ್ತಿಗೆ ಮೊದಲ ತಂಡ ಬಿಟ್ಟು ‘ಕಂಟ್ರಿ ಬ್ಲೂ ಬಾಯ್ಸ್’ ಎಂಬ ಸ್ವಂತ ತಂಡ ಕಟ್ಟಿಕೊಂಡಿದ್ದ. 2012ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ರೀವ್ಸ್‌ನಿಂದ ಪಡೆದ ಅಸಲನ್ನು ಅವನು ರೀವ್ಸ್‌ಗೆ ಹಿಂದಿರುಗಿಸಲು ಸಾಧ್ಯವಿರಲಿಲ್ಲ, ಆ ಮನುಷ್ಯ ಆಗಲೇ ಇರಲಿಲ್ಲ. ಹಾಗಾಗಿ ಬಡ್ಡಿ ಸಮೇತ ಲೀಟ್ರಿಮ್‌ನವರಿಗೆ ಕೊಟ್ಟ.