ಊಟ ತನ್ನಿಚ್ಛೆ, ಅಂಗಿ ಯಾರದೋ

ಕಬ್ಬಾಳಮ್ಮನಿಗೆ ಹೇಳಿಕೊಂಡಿದ್ದ ಹರಕೆಯೊಂದು ಬಾಕಿ ಉಳಿದಿತ್ತು. ಒಂದು ಮಂಗಳವಾರ ಮನೆಮಂದಿಯೆಲ್ಲ ಟೆಂಪೊ ಮಾಡಿಕೊಂಡು ಹೊರಟೆವು. ಸಾತನೂರು ದಾಟಿದ ಮೇಲೆ ಬೆಟ್ಟ ಕಣ್ಣಿಗೆ ಬೀಳುತ್ತದೆ. ಹಿಂದೆ ಮೈಸೂರು ಸೀಮೆಯ ಕೈದಿಗಳನ್ನು ಕೂಡಿಹಾಕುತ್ತಿದ್ದ ಕಬ್ಬಾಳದುರ್ಗ. ಪೂಜೆ ಮುಗಿಸಿ, ಮರದ ನೆರಳಲ್ಲಿ ಚಾಪೆ ಹಾಸಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಹಿಟ್ಟು ತಿರುವುವ ಹೊತ್ತಿಗೆ ಅಕ್ಕನ ಮಗಳು ಬೆಂಗಳೂರಿನಿಂದ ಬಸ್ಸಿಳಿದು ಬಂದಳು. ಮೈಮೇಲೆ ಗಂಡಸರ ಚೌಕುಳಿ ಅಂಗಿ, ಅವಳ ಅಳತೆಗಿಂತ ಬಹಳ ದೊಡ್ಡದು, ತೋಳು ಮೊಣಕೈವರೆಗೆ ಮಡಚಿದ್ದು. ಕೆಳಗೆ ಲಂಗ. ಅದು ನನ್ನ ಅಮ್ಮನ ಕಾಫಿಪುಡಿ ಬಣ್ಣದ ಹಳೇ ಸೀರೆ ಅನ್ನುವುದು ಅಂಚು ನೋಡಿದ ಮೇಲೆ ಗೊತ್ತಾಯಿತು. ಕಿವಿಗೆ ಚನ್ನಪಟ್ಟಣದ ಮರದ ಓಲೆ.

ದೊಡ್ಡಮ್ಮ ಹಿಟ್ಟಿನ ಕೋಲು ಕೆಳಗಿಡದೆಯೇ ಕೇಳಿದರು. "ಯಾರ್ದವ್ವ ಅದು ಅಂಗಿ?"

"ಯಾರ್ದೋ, ಗೊತ್ತಿಲ್ಲ ಅಜ್ಜಿ. ಸಂಡೇ ಬಜಾರಲ್ಲಿ ಎಂಬತ್ತು ರೂಪಾಯ್ಗೆ ತಗೊಂಡೆ."

"ಅಯ್ಯೋ ಶಿವ್ನೇ, ಯಾರ್ದೋ ಬೆವರು ಕುಡ್ದಿರೋ ಬಟ್ಟೆ! ಊಟ ತನ್ನಿಚ್ಚೆ, ನೋಟ ಪರರಿಚ್ಚೆ ಅಂತ ಸುಮ್ಕೆ ಅಂದವ್ರಾ? ನೋಡೋರು ಏನಂದ್ಕಂಡಾರು?"

"ನೀನೂ ನೋಡೋಳೇ ಅಲ್ವಾ? ನಿಂಗೇನನ್ಸುತ್ತೆ, ಹೇಳು."

ದೊಡ್ಡಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅಂಗಿಯ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದರು. ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿದರು. "ಬಟ್ಟೆ ಗಟ್ಟಿಯಾಗೈತೆ" ಅಂದು ಮತ್ತೆ ಒಲೆಯ ಕಡೆ ತಿರುಗಿದರು.

ಗಾದೆಗೆ ಅರ್ಥ ಬರೆಯುವುದು ಶಾಲೆಯಲ್ಲಿ ಸಲೀಸು. ಗಾದೆ ವೇದಕ್ಕೆ ಸಮಾನ ಎಂದು ಶುರುಮಾಡಿ ಹತ್ತು ಸಾಲು ಎಳೆದರೆ ಅಂಕ ಬಿದ್ದಹಾಗೇ. ನಾನೂ ಹಾಗೆ ಬರೆದವಳೇ: ತಿನ್ನುವುದು ನಮ್ಮ ನಾಲಿಗೆಗೆ ಹಿಡಿಸಬೇಕು, ಉಡುವುದು ಊರಿಗೆ ಹಿಡಿಸಬೇಕು. ಆ ಮಂಗಳವಾರ ದೊಡ್ಡಮ್ಮನ ಎರಡು ಬೆರಳು ನೋಡಿದ ಮೇಲೆ ನನ್ನ ಉತ್ತರ ಅಷ್ಟಕ್ಕೆ ನಿಂತದ್ದು ತಪ್ಪು ಅನ್ನಿಸಿತು.

'ನೋಟ' ಅನ್ನುವ ಮಾತನ್ನೇ ತೆಗೆದುಕೊಳ್ಳಿ. ನೋಡುವ ಕೆಲಸಕ್ಕೂ ನೋಟ ಅನ್ನುತ್ತೇವೆ, ಕಾಣುವ ರೂಪಕ್ಕೂ ನೋಟ ಅನ್ನುತ್ತೇವೆ. ಹಳೆಯ ಕನ್ನಡಿಗರು ಇನ್ನೊಂದು ಅರ್ಥಕ್ಕೂ ಅದನ್ನು ಬಳಸಿದ್ದರು. ನಾಣ್ಯ ಖರೆಯೋ ಖೋಟವೋ ಎಂದು ಪರೀಕ್ಷೆ ಮಾಡುವವನಿಗೆ ನೋಟಗಾರ ಎಂದು ಹೆಸರು. ಅವನು ನಾಣ್ಯದ ಅಂದ ನೋಡುವುದಿಲ್ಲ, ಲೋಹ ನೋಡುತ್ತಾನೆ. ದೊಡ್ಡಮ್ಮ ಬಾಯಲ್ಲಿ ಹೇಳಿದ್ದು ಊರಿನ ನೋಟ. ಬೆರಳಲ್ಲಿ ಮಾಡಿದ್ದು ನೋಟಗಾರನ ನೋಟ. ಪರರು ನೋಡುತ್ತಾರೆ ಎಂದಾಗ ಈ ಎರಡನೆಯದನ್ನು ನಾವು ಮರೆತೇಬಿಡುತ್ತೇವೆ.

ಇನ್ನು 'ಪರರು' ಯಾರು? ಗಾದೆ ಹುಟ್ಟಿದ ಕಾಲಕ್ಕೆ ಪರರಿಗೆ ಮುಖ ಇತ್ತು. ಬಾವಿಕಟ್ಟೆಯವರು, ಪಕ್ಕದ ಮನೆಯವರು, ಸಂತೆಯಲ್ಲಿ ಸಿಗುವವರು. ನಿಮ್ಮ ಸೆರಗು ಹರಿದದ್ದನ್ನು ಆಡಿಕೊಳ್ಳುವವರೂ ಅವರೇ, ಸೂಜಿ ದಾರ ತಂದುಕೊಡುವವರೂ ಅವರೇ. ಈಗಿನ ಪರರು ಮೊಬೈಲಿನೊಳಗಿದ್ದಾರೆ. ಅವರ ಇಚ್ಛೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಸೂಜಿ ದಾರವಂತೂ ಅವರ ಹತ್ತಿರ ಇಲ್ಲ. ಅವರ ಮಾತು ಕೇಳಿ ಕೊಂಡ ಬಟ್ಟೆ ಮೂರು ಒಗೆತಕ್ಕೆ ಜೋತುಬೀಳುತ್ತದೆ. ಗಾದೆಯನ್ನು ಬೈಯುವ ಮೊದಲು ಅದು ಯಾವ ಪರರನ್ನು ನೆನೆದು ಹೇಳಿದ್ದು ಎಂದು ಕೇಳಿಕೊಳ್ಳುವುದು ನ್ಯಾಯ.

ಯಾರದೋ ಬಟ್ಟೆ ಎಂದು ದೊಡ್ಡಮ್ಮ ಮುಖ ಸಿಂಡರಿಸಿದರಲ್ಲ, ಅವರೇ ನಮ್ಮ ಮನೆಯ ಅಷ್ಟೂ ಕೂಸುಗಳಿಗೆ ಮೊದಲ ಬಟ್ಟೆ ಸುತ್ತಿದವರು. ಹೆರಿಗೆಗೆ ಹೋಗುವಾಗ ಚೀಲಕ್ಕೆ ಮೊದಲು ಬೀಳುತ್ತಿದ್ದದ್ದು ಅಜ್ಜನ ಹಳೇ ಪಂಚೆ, ಅಜ್ಜಿಯ ಹಳೇ ಸೀರೆ. ಹೊಸ ಬಟ್ಟೆಯ ಗಂಜಿ ಎಳೆ ಮೈಗೆ ಒತ್ತುತ್ತದೆ. ನೂರು ಸಲ ಒಗೆದದ್ದು ಬೆಣ್ಣೆಯಂತಿರುತ್ತದೆ. ಸೀರೆ ಆಮೇಲೆ ಜೋಲಿಯಾಗುತ್ತಿತ್ತು, ಅಲ್ಲಿಂದ ಹೊದೆಯುವ ಕೌದಿ, ಅಲ್ಲಿಂದ ಒರೆಸುವ ಬಟ್ಟೆ, ಕೊನೆಗೆ ಉಳಿದ ಚೂರು ದೀಪದ ಬತ್ತಿ. ನಡುವೆ ಯಾವುದಾದರೂ ಜರಿ ಸೀರೆ ಪಾತ್ರೆಯವನ ಗಂಟಿಗೆ ಹೋಗಿ ಸ್ಟೀಲ್ ಡಬ್ಬಿಯಾಗಿ ಮನೆಗೆ ವಾಪಸ್ಸು ಬರುತ್ತಿತ್ತು. ಇದಕ್ಕೆ ಥ್ರಿಫ್ಟ್ ಎಂಬ ಹೆಸರಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಚಂದದ ವಿಷಯಕ್ಕೆ ಬಂದರೂ ಹಾಗೇ. ನಮ್ಮದು ರೇಷ್ಮೆಯ ಸೀಮೆ. ಏಷ್ಯಾದಲ್ಲೇ ದೊಡ್ಡದೆನ್ನುವ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಹುಳು ಮನೆಯಲ್ಲಿ ರಾತ್ರಿಯೆಲ್ಲ ಸೊಪ್ಪು ಹಾಕಿ, ಚಂದ್ರಿಕೆಗೆ ಹುಳು ಬಿಟ್ಟು, ಗೂಡು ಬಿಡಿಸುವ ಹೆಂಗಸಿಗೆ ಮಾತ್ರ ರೇಷ್ಮೆ ಸೀರೆ ಎಂದರೆ ಮದುವೆಯದೊಂದೇ. ಉಳಿದ ಸೀರೆಗಳಿಗೆಲ್ಲ ಸೇರಿ ರವಿಕೆ ಮೂರೋ ನಾಲ್ಕೋ. ಆದ್ದರಿಂದಲೇ ನಮ್ಮ ಅಮ್ಮಂದಿರು ಅರಿಸಿನ ಬಣ್ಣದ ಸೀರೆಗೆ ಗಿಳಿಹಸಿರು ರವಿಕೆ, ನೇರಳೆ ಸೀರೆಗೆ ಇಟ್ಟಿಗೆ ಕೆಂಪು ರವಿಕೆ ತೊಟ್ಟು ಜಾತ್ರೆಗೆ ಹೋದರು. ಇದ್ದದ್ದರಲ್ಲಿ ಯಾವುದು ಯಾವುದರ ಪಕ್ಕ ನಿಂತರೆ ಕಣ್ಣಿಗೆ ಹಿತ ಅನ್ನುವುದು ಅವರಿಗೆ ರೂಢಿಯಿಂದ ಬಂದಿತ್ತು. ಆಮೇಲೆ ಪೇಟೆಬೀದಿಗೆ ಮ್ಯಾಚಿಂಗ್ ಸೆಂಟರ್‌ಗಳು ಬಂದವು. ಸೀರೆಯ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ರವಿಕೆ ಬಟ್ಟೆ ಸಿಗತೊಡಗಿತು. ನನ್ನನ್ನು ಕೇಳಿದರೆ, ಅಂದಿನಿಂದ ನಮ್ಮ ಮದುವೆ ಮನೆಗಳ ಫೋಟೊ ಸಪ್ಪೆಯಾದವು.

ಬೇರೆಯವರ ಬಟ್ಟೆಯಲ್ಲಿ ತನ್ನ ರೂಪ ಕಟ್ಟಿಕೊಂಡವರಲ್ಲಿ ಇಡೀ ದೇಶವೇ ಬಲ್ಲ ಒಬ್ಬ ನಮ್ಮ ಬಂಡೆಗಳ ನಡುವೆಯೇ ಓಡಾಡಿದ್ದ. 1973ರ ಅಕ್ಟೋಬರ್‌ನಲ್ಲಿ ರಾಮನಗರದಲ್ಲಿ 'ಶೋಲೆ' ಚಿತ್ರೀಕರಣ ಶುರುವಾಯಿತು. ಅದುವರೆಗೆ ಹಿಂದಿ ಸಿನಿಮಾದ ಡಕಾಯಿತ ಎಂದರೆ ಕಚ್ಚೆ ಧೋತಿ, ಹಣೆಯ ಮೇಲೆ ಉದ್ದ ತಿಲಕ. ಗಬ್ಬರ್ ಆಗಿ ಅಮ್ಜದ್ ಖಾನ್ ತೊಟ್ಟದ್ದು ಸೈನಿಕರ ಉಡುಪು, ಅದೂ ಮುಂಬೈಯ ಚೋರ್ ಬಜಾರ್‌ನಲ್ಲಿ ಕೊಂಡದ್ದು. ಮಾಸಲು ಹಸಿರು, ಸೊಂಟದ ಪಟ್ಟಿ, ಬೂಟು. ಚಿತ್ರ ಬಿಡುಗಡೆಯಾಗಿ 50 ವರ್ಷ ದಾಟಿತು, ಗಬ್ಬರ್ ಎಂದರೆ ಇವತ್ತಿಗೂ ಅದೇ ಅಂಗಿ. ಹೊಸದಾಗಿ ಹೊಲಿಸಿದ್ದರೆ ಬಂಡೆಯ ಮೇಲೆ ಅವನು ಎನ್‌ಸಿಸಿ ಹುಡುಗನಂತೆ ಕಾಣುತ್ತಿದ್ದನೋ ಏನೋ.

ಇಷ್ಟು ಹೇಳಿ ಹಳೇ ಬಟ್ಟೆಯನ್ನು ಹೊಗಳಿ ಕೂತರೆ ನನ್ನ ಮಾತು ಸುಳ್ಳಾಗುತ್ತದೆ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಸೇವೆ ಮಾಡುವ ಶೂದ್ರನಿಗೆ ಏನು ಕೊಡಬೇಕೆಂದು ಹೇಳಿದೆ: ಎಂಜಲು ಅನ್ನ, ಸವೆದ ಬಟ್ಟೆ. ಗಾದೆ ಮಾತಾಡುವುದೂ ಈ ಎರಡನ್ನೇ. ಊಟ ತನ್ನಿಚ್ಛೆ ಎಂದು ಹೇಳುವ ಭಾಗ್ಯವೇ ಇಲ್ಲದವರು ಊರ ಅರ್ಧದಷ್ಟಿದ್ದರು. ಅವರ ಊಟವೂ ಪರರಿಚ್ಛೆ, ನೋಟವೂ ಪರರಿಚ್ಛೆ. ಹಿತ್ತಲ ಬಾಗಿಲಲ್ಲಿ ನಿಂತು, ಮೇಲಿನಿಂದ ಬಿಟ್ಟದ್ದನ್ನು ಈಸಿಕೊಂಡ ಅಂಗಿಗೂ ಸಂಡೇ ಬಜಾರಿನಲ್ಲಿ ರಾಶಿ ಕೆದಕಿ ಆರಿಸಿದ ಅಂಗಿಗೂ ನೂಲು ಒಂದೇ ಇರಬಹುದು, ತೂಕ ಬೇರೆ. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ಹೆಂಗಸರನ್ನು ಕೂರಿಸಿಕೊಂಡು ಸೀರೆ ಉಡುವ ರೀತಿಯ ಬಗ್ಗೆಯೇ ಮಾತಾಡಿದರು. ಅಸ್ಪೃಶ್ಯರೆಂದು ದೂರದಿಂದಲೇ ಗುರುತು ಹಿಡಿಸುವ ಉಡುಗೆ ತೊಡುಗೆ ಬಿಡಿ ಎಂದರು. ಅವರು ಸ್ವತಃ ಸೂಟು ತೊಟ್ಟು ನಿಂತದ್ದನ್ನು ನಮ್ಮ ಹಳ್ಳಿಹಳ್ಳಿಯ ಪ್ರತಿಮೆಗಳಲ್ಲಿ ನೋಡುತ್ತಿದ್ದೇವೆ. ಕೊಟ್ಟದ್ದನ್ನು ಉಡುವುದಿಲ್ಲ, ಆರಿಸಿದ್ದನ್ನು ಉಡುತ್ತೇನೆ ಅನ್ನುವ ಆ ನಿಲುವು ನೋಡುವವರ ಇಚ್ಛೆಯನ್ನೇ ತಿದ್ದಿತು. ಇವತ್ತಿಗೂ ಹಳೇ ಅಂಗಿ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಹುಡುಗನನ್ನು ಕಂಡರೆ ಅವನಿಗೆ ಕೊಬ್ಬು ಅನ್ನಬೇಡಿ.

ಅಕ್ಕನ ಮಗಳ ಹತ್ತಿರ ಇದನ್ನೆಲ್ಲ ಹೇಳಿದೆ, ಊಟದ ಎಲೆ ಎತ್ತಿದ ಮೇಲೆ. ಅವಳು ಸುಮ್ಮನೆ ಕೇಳಿ, ಮೊಬೈಲಿನಲ್ಲಿ ಒಂದು ಹಳೇ ಫೋಟೊ ತೋರಿಸಿದಳು. ದೊಡ್ಡಮ್ಮ ರಾಗಿ ಹೊಲದಲ್ಲಿ ಕುಡುಗೋಲು ಹಿಡಿದು ನಿಂತಿದ್ದಾರೆ. ಎತ್ತಿ ಕಟ್ಟಿದ ಸೀರೆ, ಅದರ ಮೇಲೆ ದೊಡ್ಡಪ್ಪನ ಚೌಕುಳಿ ಅಂಗಿ, ತೋಳು ಮಣಿಕಟ್ಟಿನವರೆಗೆ, ತಲೆಗೆ ಟವೆಲ್. ಬಿಸಿಲು ಬಡಿಯದಿರಲಿ, ಗರಿ ಮೈ ಗೀರದಿರಲಿ ಎಂದು ನಮ್ಮ ಕಡೆ ಕೂಲಿಗೆ ಹೋಗುವ ಹೆಂಗಸರೆಲ್ಲ ಗಂಡನ ಹಳೇ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಳ್ಳುವವರೇ. ಕಟ್ಟಡದ ಕೆಲಸದವರೂ ಹಾಗೇ. ದಿನಾ ನೋಡುತ್ತೇನೆ, ಅದನ್ನು ಒಂದು ಉಡುಪು ಎಂದು ನಾನು ಎಣಿಸಿಯೇ ಇರಲಿಲ್ಲ.

"ನಿನ್ನ ನೋಡೇ ಕಲ್ತಿದ್ದು ಅಜ್ಜಿ" ಎಂದಳು.

ದೊಡ್ಡಮ್ಮ ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಅದು ಹೊಲಕ್ಕೆ ಕಣವ್ವ, ದೇವಸ್ಥಾನಕ್ಕಲ್ಲ" ಅಂದರು. ಇಬ್ಬರೂ ಸೋಲಲಿಲ್ಲ. ಆದರೆ ಟೆಂಪೊ ಹತ್ತುವಾಗ ಅವಳ ಮಡಚಿದ ತೋಳನ್ನು ದೊಡ್ಡಮ್ಮನೇ ಬಿಚ್ಚಿ ಸಮವಾಗಿ ಮತ್ತೆ ಮಡಚಿದ್ದನ್ನು ನಾನು ನೋಡಿದೆ.

ನನ್ನ ಕಥೆ ಅಷ್ಟು ಚಂದವಿಲ್ಲ. ಅವಳ ಮಾತು ಕೇಳಿ ನಾನೂ ಒಂದು ಭಾನುವಾರ ಬೆಂಗಳೂರಿಗೆ ಹೋಗಿ, ಚಿಕ್ಕಪೇಟೆಯ ಆಸುಪಾಸು ಸುತ್ತಾಡಿ, ಒಂದು ಹಳೇ ರೇಷ್ಮೆ ಸೀರೆ ತಂದೆ. ಮಾವಿನಕಾಯಿ ಅಂಚು, ಹೊರಗಿನ ಮಡಿಕೆ ಫಳಫಳ. ಮನೆಗೆ ಬಂದು ನೆರಿಗೆ ಹಿಡಿದು ಒದರಿದೆ, ಮಡಿಕೆಯ ಗೆರೆಯಲ್ಲೇ ಪರ್ರನೆ ಸೀಳಿತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನೊಳಗೆ ಕೂತ ರೇಷ್ಮೆ ಗೆರೆಯಲ್ಲಿ ಸತ್ತಿರುತ್ತದೆ. ರೇಷ್ಮೆ ಸೀಮೆಯವಳಿಗೆ ಇದು ತಿಳಿದಿರಬೇಕಿತ್ತು. ಈಗ ಹಳೇ ಬಟ್ಟೆ ಕೊಳ್ಳುವಾಗ ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿಯುತ್ತೇನೆ. ಕಂಕುಳು, ಕಾಲರ್, ಜಿಪ್ ನೋಡುತ್ತೇನೆ. ಒಳಗೆ ಬಿಚ್ಚಿಕೊಳ್ಳುವಷ್ಟು ಬಟ್ಟೆ ಬಿಟ್ಟು ಹೊಲಿದಿದ್ದಾರೋ ಎಂದು ಬೆರಳಾಡಿಸುತ್ತೇನೆ. ಅಗ್ಗ ಎಂದು ಹತ್ತು ಹೊತ್ತು ತರುವುದನ್ನು ಬಿಟ್ಟಿದ್ದೇನೆ. ಹಳೆಯದನ್ನೇ ಆದರೂ ಬೀರು ತುಂಬ ಪೇರಿಸಿದರೆ ಅದೂ ಅಂಗಡಿಯ ಆಸೆಯೇ.

ಆ ಚೌಕುಳಿ ಅಂಗಿ ಆಮೇಲೆ ನನ್ನ ಕೈಗೆ ಬಂತು. ಕಾಲರ್ ಮಡಿಕೆಯಲ್ಲಿ ನೂಲು ಎದ್ದಿತ್ತು, ಕನಕಪುರದಲ್ಲಿ ತಿರುಗಿಸಿ ಹೊಲಿಸಿಡು ಚಿಕ್ಕಮ್ಮ ಎಂದು ಕೊಟ್ಟಿದ್ದಳು. ನಮ್ಮ ಟೈಲರ್ ಬ್ಲೇಡಿನಿಂದ ಹೊಲಿಗೆ ಬಿಚ್ಚಿ, ಕಾಲರ್ ಕಳಚಿ, ಸವೆದ ಮಗ್ಗುಲನ್ನು ಕೆಳಗೆ ಮಾಡಿ ಹಿಡಿದರು. ಆಗ ಕಂಡಿತು, ಅಡಿಯ ಮಗ್ಗುಲಲ್ಲಿ ಮಡಿವಾಳರು ಹಾಕಿದ ಗುರುತು: ಎರಡು ಗೀಟು, ಮೂರು ಚುಕ್ಕೆ, ಕಪ್ಪು ಮಸಿಯಲ್ಲಿ. ಯಾವ ಊರಿನ ಯಾವ ಮನೆಯ ಅಂಗಿಯೋ. ತಿರುಗಿಸಿ ಹೊಲಿದರೆ ಆ ಗುರುತು ಹೊರಗೆ ಕಾಣುತ್ತದೆ, ಮೇಲೊಂದು ಪಟ್ಟಿ ಕೊಟ್ಟು ಮುಚ್ಚಲಾ ಎಂದು ಕೇಳಿದರು. ಅವಳಿಗೆ ಫೋನ್ ಮಾಡಿದೆ. ಕಾಣ್ಲಿ ಬಿಡು ಎಂದಳು.

ಹೊಲಿಗೆಗೆ ನಲವತ್ತು ರೂಪಾಯಿ ಆಯಿತು. ಕಾಲರ್ ಒಂದೇ ಸಲ ತಿರುಗಿಸೋಕಾಗೋದು ಮೇಡಂ, ಎರಡನೇ ಸಲ ತರಬೇಡಿ ಎಂದರು.