ಲಾಭ ಯಾರದು?

ಬೀಜಿಂಗಿನ ಪೀಕಿಂಗ್ ವಿಶ್ವವಿದ್ಯಾಲಯ 1993ರಲ್ಲಿ ತನ್ನ ದಕ್ಷಿಣ ಗೋಡೆಯನ್ನು ತಾನೇ ಕೆಡವಿಸಿತು. ಸುಮಾರು 600 ಮೀಟರ್ ಉದ್ದದ ಗೋಡೆ. ಅದು ಬಿದ್ದ ಜಾಗದಲ್ಲಿ ಅಂಗಡಿ ಸಾಲು ಎದ್ದಿತು. ಹತ್ತಿರದಲ್ಲೇ ಜೊಂಗ್‌ಗ್ವಾನ್‌ತ್ಸುನ್ ಎಂಬ ಕಂಪ್ಯೂಟರ್ ಪೇಟೆ. ವಿದ್ಯೆಗೂ ವ್ಯಾಪಾರಕ್ಕೂ ನಡುವೆ ಇನ್ನು ಅಡ್ಡಿ ಬೇಡ ಎಂಬ ಗಾಳಿ ಬೀಸುತ್ತಿದ್ದ ಕಾಲ ಅದು. 2001ರಲ್ಲಿ ಅಂಗಡಿಗಳನ್ನು ಎಬ್ಬಿಸಿ ಗೋಡೆಯನ್ನು ಮತ್ತೆ ಕಟ್ಟಿದರು.

ಪದವಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಚೀನೀ ದರ್ಶನದ ಪಾಠ ಬಂದಾಗಲೆಲ್ಲ ಈ ಗೋಡೆಯ ಕಥೆ ಹೇಳುತ್ತಿದ್ದೆ. ಕೂಡಲೇ ತರಗತಿ ಎರಡು ಬಣವಾಗುತ್ತಿತ್ತು. ವಿದ್ಯೆ ಮಾರುವ ಸರಕಲ್ಲ ಎನ್ನುವವರು ಒಂದು ಕಡೆ, ಮಾರಿ ಹೋಗದ ವಿದ್ಯೆ ಯಾರಿಗೆ ಬೇಕು ಎನ್ನುವವರು ಇನ್ನೊಂದು ಕಡೆ. (ಎರಡನೆಯ ಬಣದ ಹಾಜರಿ ಯಾವಾಗಲೂ ಹೆಚ್ಚು.) ಮೊದಲ ಬಣದವರು ಕನ್‌ಫ್ಯೂಷಿಯಸ್ ತಮ್ಮ ಕಡೆಯವನೆಂದೇ ನಂಬಿರುತ್ತಿದ್ದರು. ಆತ ಅಷ್ಟು ಸುಲಭಕ್ಕೆ ಯಾರ ಕೈಗೂ ಸಿಗುವವನಲ್ಲ. ಅವನ ಶಿಷ್ಯ ಜಿಗೊಂಗ್ ಸ್ವತಃ ವ್ಯಾಪಾರಿ. ಒಳ್ಳೆಯ ಜೇಡ್ ಕಲ್ಲು ಕೈಯಲ್ಲಿದ್ದರೆ ಪೆಟ್ಟಿಗೆಯಲ್ಲಿ ಬಚ್ಚಿಡಬೇಕೋ ಮಾರಬೇಕೋ ಎಂದು ಅವನು ಕೇಳಿದಾಗ ಗುರು ಹಿಡಿದದ್ದು ಮಾರುವ ಪಕ್ಷವನ್ನೇ. ತಕ್ಕ ಬೆಲೆ ಕೊಡುವವರಿಗಾಗಿ ತಾನೂ ಕಾದಿರುವುದಾಗಿ ಹೇಳಿದ. ಹಾಗಾಗಿ ಮಾರಬೇಕೋ ಬೇಡವೋ ಎಂಬುದು ಚೀನೀ ಚಿಂತಕರ ದೊಡ್ಡ ಜಗಳವೇ ಅಲ್ಲ. ಲಾಭ ಯಾರದು ಎಂಬಲ್ಲಿ ಜಗಳ ಶುರುವಾಗುತ್ತದೆ.

ಇದನ್ನು ಯೋಚಿಸುವಾಗ ನನಗೆ ಮೊದಲು ನೆನಪಾಗುವವರು ಪೀಕಿಂಗ್ ವಿಶ್ವವಿದ್ಯಾಲಯದ ವಾಂಗ್ ಶುವಾನ್. ಅದಕ್ಕೊಂದು ಸ್ವಂತ ಕಾರಣವೂ ಇದೆ. ನಮ್ಮಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಕಂಪೋಜಿಟರ್ ಆಗಿದ್ದರು. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿ ಕನ್ನಡದ ಕೇಸಿನಲ್ಲಿ ಮನೆಗಳೇ ನೂರಾರು. ಅಚ್ಚಿನ ಮೊಳೆ ಹೆಕ್ಕಿ ಹೆಕ್ಕಿ ಅವರ ಬೆರಳ ತುದಿ ಸೀಸದಿಂದ ಕಪ್ಪಾಗಿರುತ್ತಿತ್ತು. ಊಟಕ್ಕೆ ಕೂರುವ ಮೊದಲು ಸೀಮೆಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಚೀನೀ ಭಾಷೆಗಾದರೆ ಸಾವಿರಾರು ಅಕ್ಷರ. ಅಲ್ಲಿನ ಕಂಪೋಜಿಟರು ಕೂತಲ್ಲೇ ಜೋಡಿಸುವ ಹಾಗಿಲ್ಲ, ಮೊಳೆಗಳ ಸಾಲು ಸಾಲು ಕಪಾಟುಗಳ ನಡುವೆ ದಿನವಿಡೀ ನಡೆಯುತ್ತಲೇ ಇರಬೇಕು.

ಚೀನೀ ಅಕ್ಷರಗಳನ್ನು ಕಂಪ್ಯೂಟರಿಗೆ ಒಗ್ಗಿಸುವ ಸರ್ಕಾರಿ ಯೋಜನೆ ಹುಟ್ಟಿದ್ದು 1974ರ ಎಂಟನೆಯ ತಿಂಗಳಲ್ಲಿ. ಅದಕ್ಕೇ ಅದರ ಹೆಸರು 748. ಆಗ ವಾಂಗ್ ಕಾಯಿಲೆ ರಜೆಯ ಮೇಲಿದ್ದ ಬಡ ಅಧ್ಯಾಪಕ. ವಿದೇಶಿ ಪತ್ರಿಕೆಗಳನ್ನು ಓದಲು ಬಸ್ಸು ಹತ್ತಿ ಊರೊಳಗಿನ ಗ್ರಂಥಾಲಯಕ್ಕೆ ಹೋಗುವಾಗ ಒಂದು ನಿಲ್ದಾಣ ಮೊದಲೇ ಇಳಿದು 5 ಫೆನ್ ಚಿಲ್ಲರೆ ಉಳಿಸುತ್ತಿದ್ದರು, ನಕಲು ತೆಗೆಸಲು ದುಡ್ಡಿಲ್ಲದೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ಅವರು ಕಂಡುಕೊಂಡ ಉಪಾಯ ಇದು: ಅಕ್ಷರದ ಒಂದೊಂದು ಚುಕ್ಕೆಯನ್ನೂ ಕಂಪ್ಯೂಟರಿನಲ್ಲಿ ತುಂಬುವ ಬದಲು ಅಕ್ಷರದ ಅಂಚನ್ನು ಗಣಿತದ ಗೆರೆಗಳಾಗಿ ಬರೆದಿಡುವುದು, ಬೇಕಾದಾಗ ಅದನ್ನು ಮತ್ತೆ ಅಕ್ಷರವಾಗಿ ಬಿಡಿಸಿ ಲೇಸರಿನಿಂದ ಮೂಡಿಸುವುದು. ಸುಮಾರು 500 ಪಾಲು ಮಾಹಿತಿ ಒಂದು ಪಾಲಿಗೆ ಇಳಿಯಿತು. ಅವರ ಪತ್ನಿ ಚೆನ್ ಕುನ್‌ಚ್ಯೂ ಸಾಫ್ಟ್‌ವೇರ್ ಕೆಲಸ ಹೊತ್ತರು. ಯಂತ್ರಗಳನ್ನು ಮಾಡಿಕೊಟ್ಟದ್ದು ಶಾಂಡೊಂಗ್ ಪ್ರಾಂತ್ಯದ ವೈಫಾಂಗ್ ಕಾರ್ಖಾನೆ. 1987ರಲ್ಲಿ ಬೀಜಿಂಗಿನ 'ಎಕನಾಮಿಕ್ ಡೈಲಿ' ಸೀಸದ ಮೊಳೆಗಳಿಲ್ಲದೆ ಅಚ್ಚಾಗತೊಡಗಿತು. ವಿಶ್ವವಿದ್ಯಾಲಯದ ಕಂಪನಿ 1986ರಲ್ಲೇ ಹುಟ್ಟಿತ್ತು. ಮುಂದೆ ಅದಕ್ಕೆ ಫೌಂಡರ್ ಎಂಬ ಹೆಸರು ಬಂತು. ಕಂಪನಿ ಕಟ್ಟುವುದಕ್ಕೆ ಒತ್ತಡವೂ ಇತ್ತೆನ್ನಿ. 1985ರ ಸುಧಾರಣೆಯಿಂದ ಸರ್ಕಾರವೇ ಸಂಶೋಧನಾ ಸಂಸ್ಥೆಗಳ ಅನುದಾನ ಬಿಗಿ ಮಾಡಿ, ಮಾರುಕಟ್ಟೆಯಲ್ಲಿ ದುಡಿದುಕೊಳ್ಳಿ ಎಂದು ಹೊರಗಟ್ಟಿತ್ತು.

ವಿದ್ಯೆಯಿಂದ ಬರುವ ಇಂಥ ಲಾಭವನ್ನು ಅಳೆಯಲು ಚೀನೀ ಪರಂಪರೆಯಲ್ಲಿ ಎರಡು ಒರೆಗಲ್ಲುಗಳಿವೆ. ಒಂದು ಹನ್ನೆರಡನೆಯ ಶತಮಾನದ ಚಿಂತಕ ಲೂ ಜ್ಯೂಯುವಾನನದು. 1181ರಲ್ಲಿ ಇನ್ನೊಬ್ಬ ಚಿಂತಕ ಝೂ ಶಿ ಅವನನ್ನು ಲೂಶಾನ್ ಬೆಟ್ಟದ ಬುಡದ ಬಿಳಿ ಜಿಂಕೆ ಗವಿ ವಿದ್ಯಾಪೀಠಕ್ಕೆ ಕರೆಸಿದ. ಇಬ್ಬರಿಗೂ ತತ್ತ್ವದಲ್ಲಿ ಆಗಿಬರುತ್ತಿರಲಿಲ್ಲ, ಆದರೂ ಕರೆಸಿದ. ಲೂ ಮಾತಾಡಿದ್ದು ಧರ್ಮ ಮತ್ತು ಲಾಭದ ಬಗ್ಗೆ. ದಿನವಿಡೀ ಋಷಿಗಳ ಗ್ರಂಥ ಓದುತ್ತೀರಿ, ಕಣ್ಣು ಮಾತ್ರ ಪರೀಕ್ಷೆಯ ಮೇಲೆ, ಸರ್ಕಾರಿ ಹುದ್ದೆಯ ಮೇಲೆ ಇದೆಯಲ್ಲ ಎಂಬುದು ಅವನ ಮಾತಿನ ಸಾರ. ಕೇಳಿದವರಲ್ಲಿ ಕೆಲವರು ಅತ್ತರಂತೆ. ಚಳಿ ಇನ್ನೂ ಕಳೆದಿರಲಿಲ್ಲ, ಆದರೂ ಝೂ ಶಿ ಬೆವೆತು ಬೀಸಣಿಗೆ ಬೀಸಿಕೊಂಡನಂತೆ. ಆಮೇಲೆ ಆ ಉಪನ್ಯಾಸವನ್ನು ಕಲ್ಲಿನಲ್ಲಿ ಕೆತ್ತಿಸಿದರು. ತನ್ನನ್ನೇ ಚುಚ್ಚುವ ಮಾತನ್ನು ಶಾಸನ ಮಾಡಿಸುವ ವಿದ್ಯಾಸಂಸ್ಥೆ ಇವತ್ತು ಯಾವ ದೇಶದಲ್ಲಿದೆ, ಹೇಳಿ.

ಲೂನ ಒರೆಗಲ್ಲು ಮನಸ್ಸಿನ ದಿಕ್ಕನ್ನು ನೋಡುತ್ತದೆ. ಶಾಂಘೈ ಜ್ಯಾವೊತೊಂಗ್ ವಿಶ್ವವಿದ್ಯಾಲಯದ ಹಾನ್‌ಶಿನ್ ಪ್ರಕರಣಕ್ಕೆ ಅದು ಸರಿಯಾಗಿ ಒಪ್ಪುತ್ತದೆ. 2003ರಲ್ಲಿ ಅಲ್ಲಿನ ಪ್ರಾಧ್ಯಾಪಕರೊಬ್ಬರು ಚೀನಾದ್ದೇ ಚಿಪ್ ಎಂದು ಒಂದನ್ನು ಲೋಕಕ್ಕೆ ತೋರಿಸಿದರು. ಅನುದಾನ ಹರಿಯಿತು, ಡೀನ್ ಪದವಿ ಬಂತು. ಅದು ಮೊಟೊರೊಲಾ ಕಂಪನಿಯ ಚಿಪ್. ಮೇಲಿನ ಗುರುತನ್ನು ಉಜ್ಜಿ ಅಳಿಸಿ ಹೊಸ ಹೆಸರು ಹಾಕಿದ್ದರು. 2006ರಲ್ಲಿ ಬಣ್ಣ ಬಯಲಾಗಿ ವಿಶ್ವವಿದ್ಯಾಲಯ ಅವರನ್ನು ವಜಾ ಮಾಡಿತು.

ಆದರೆ ಎಲ್ಲ ಕಡೆಯೂ ಹೀಗೆ ಕಳ್ಳ ಸಿಕ್ಕಿಬೀಳುವುದಿಲ್ಲ. ಮನಸ್ಸಿನ ದಿಕ್ಕನ್ನು ಲೆಕ್ಕಪರಿಶೋಧಕರು ನೋಡಲಾರರು; ಕಾನೂನು ನೋಡುವುದು ಹಣದ ಪಾಲನ್ನು. 2015ರಲ್ಲಿ ತಿದ್ದುಪಡಿಯಾದ ಚೀನೀ ಕಾನೂನು, ಸಂಶೋಧನೆ ಮಾರಾಟವಾದರೆ ನಿವ್ವಳ ಆದಾಯದಲ್ಲಿ ಕನಿಷ್ಠ ಅರ್ಧ ಭಾಗ ಅದನ್ನು ಮಾಡಿದವರಿಗೆ ಸೇರಬೇಕು ಎನ್ನುತ್ತದೆ, ಬೇರೆ ಒಪ್ಪಂದವಿಲ್ಲದಿದ್ದರೆ. ಲೂ ಇದ್ದಿದ್ದರೆ ಸಿಡಿಮಿಡಿಗೊಳ್ಳುತ್ತಿದ್ದ. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಮೇಷ್ಟರಿಗೂ ಮನೆ ಬಾಡಿಗೆ ಇರುತ್ತದೆ.

ಎರಡನೆಯ ಒರೆಗಲ್ಲು ಪ್ರಾಚೀನ ಚಿಂತಕ ಮೋಜಿಯದು. ವಯಸ್ಸಾದಂತೆ ನಾನು ಲೂನಿಂದ ಅವನ ಕಡೆ ವಾಲಿದ್ದೇನೆ. ಗೊಂಗ್‌ಶು ಬಾನ್ ಎಂಬ ಮಹಾ ಬಡಗಿ ಮೂರು ದಿನ ಇಳಿಯದೆ ಹಾರುವ ಹಕ್ಕಿ ಮಾಡಿ ಬೀಗುತ್ತಿದ್ದನಂತೆ. ಮೋಜಿ ಅದಕ್ಕೆ ಸೊಪ್ಪು ಹಾಕಲಿಲ್ಲ. ಗಾಡಿಯ ಕಡಾಣಿ ಮೂರೇ ಅಂಗುಲದ ಮರದ ತುಂಡು, ಭಾರೀ ಹೇರನ್ನು ತಡೆಯುತ್ತದೆ, ನಿಜವಾದ ಜಾಣ್ಮೆ ಅದು ಎಂದ. ಜನಕ್ಕೆ ಉಪಯೋಗವಾದರೆ ಕುಶಲತೆ, ಆಗದಿದ್ದರೆ ಬರೀ ಆಟ. ಅವನಿಗೆ ಲಾಭವೆಂದರೆ ಎಲ್ಲರ ಲಾಭ, ಆದ್ದರಿಂದ ಧರ್ಮಕ್ಕೂ ಲಾಭಕ್ಕೂ ಅವನಲ್ಲಿ ಜಗಳವೇ ಇಲ್ಲ. ವಾಂಗ್ ಶುವಾನ್ ಮಾಡಿದ್ದು ಕಡಾಣಿ.

ಅದೇ ಗೊಂಗ್‌ಶು ಬಾನ್ ಚೂ ರಾಜ್ಯಕ್ಕೆ ಕೋಟೆ ಹತ್ತುವ ಏಣಿಗಳನ್ನೂ ಮಾಡಿಕೊಟ್ಟಿದ್ದ. ಸುದ್ದಿ ಕೇಳಿದ ಮೋಜಿ ಹಗಲು ರಾತ್ರಿ ನಡೆದು ಹೋಗಿ, ವಾದಿಸಿ, ಸೊಂಗ್ ರಾಜ್ಯದ ಮೇಲಿನ ಯುದ್ಧ ನಿಲ್ಲಿಸಿದ ಎನ್ನುತ್ತದೆ ಕಥೆ. ಈಗಿನ ಏಣಿ ಯಾವುದು? ಮುಖ ಗುರುತಿಸುವ ತಂತ್ರಜ್ಞಾನವನ್ನೇ ನೋಡಿ. ಹಾಂಗ್‌ಕಾಂಗಿನ ಚೈನೀಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ 2014ರಲ್ಲಿ ಸೆನ್ಸ್‌ಟೈಮ್ ಕಂಪನಿ ಹೊರಬಂತು. ಶಿನ್‌ಜಿಯಾಂಗಿನ ಉಯ್ಗರ್ ಮುಸ್ಲಿಮರ ಮೇಲಿನ ಕಣ್ಗಾವಲಿನ ಆರೋಪದ ಮೇಲೆ 2019ರಲ್ಲಿ ಅಮೆರಿಕ ಅದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಕಂಪನಿ ಆರೋಪವನ್ನು ಅಲ್ಲಗಳೆದಿದೆ. ಅಮೆರಿಕಕ್ಕೆ ತನ್ನದೇ ವ್ಯಾಪಾರದ ಲೆಕ್ಕವಿರುವುದೂ ನಿಜ. ಆದರೂ ಕ್ಯಾಮೆರಾ ಕೊಳ್ಳುವವನ ಲಾಭ, ಮಾರುವವನ ಲಾಭ ಎರಡನ್ನೂ ಲೆಕ್ಕ ಹಾಕಿದ ಮೇಲೆ, ಕ್ಯಾಮೆರಾದ ಎದುರು ನಿಂತವನ ಪಾಲು ಉಳಿದೇ ಇರುತ್ತದೆ. ಮೋಜಿ ಕೇಳುತ್ತಿದ್ದದ್ದು ಅವನನ್ನು.

ನಮ್ಮ ಕಾಲೇಜಿಗೂ ಗುಣಮಟ್ಟದ ಮೌಲ್ಯಮಾಪನ ನಡೆದ ವರ್ಷ ಒಂದು ಕಂಪನಿಯ ಜೊತೆ ಒಡಂಬಡಿಕೆ ಆಗಿತ್ತು. ಶಾಲು ಹೊದಿಸಿ ಫೋಟೊ ತೆಗೆಸಿಕೊಂಡೆವು, ಅರ್ಜಿಯ ಕಾಲಂ ತುಂಬಿತು. ಅಲ್ಲಿಗೆ ಮುಗಿಯಿತು. ನಮ್ಮದು ಏಣಿಯೂ ಅಲ್ಲ, ಕಡಾಣಿಯೂ ಅಲ್ಲ.

ಫೌಂಡರ್ ಕಂಪನಿ ಅಕ್ಷರ ಬಿಟ್ಟು ಉಕ್ಕು, ಆಸ್ಪತ್ರೆ, ಷೇರು ದಲ್ಲಾಳಿ, ರಿಯಲ್ ಎಸ್ಟೇಟ್ ಎಂದು ಹರಡಿಕೊಂಡಿತು. 2006ರಲ್ಲಿ ತೀರಿಕೊಂಡ ವಾಂಗ್ ಇದರ ಕೊನೆಯನ್ನು ನೋಡಲಿಲ್ಲ. ವಿಶ್ವವಿದ್ಯಾಲಯಗಳು ತಮ್ಮ ಕಂಪನಿಗಳಿಂದ ಹಿಂದೆ ಸರಿಯಬೇಕೆಂದು ಸರ್ಕಾರ 2018ರಲ್ಲಿ ಸೂಚಿಸಿತು. ಅಷ್ಟರಲ್ಲಿ ಸಾಲ ಕುತ್ತಿಗೆಗೆ ಬಂದಿತ್ತು. 2020ರಲ್ಲಿ ಫೌಂಡರ್ ನ್ಯಾಯಾಲಯದ ಮುಂದೆ ದಿವಾಳಿ ಪುನಾರಚನೆಗೆ ನಿಂತಿತು; ಸಾಲ ಮಾಡಿ ಚಿಪ್ ಕಂಪನಿಗಳನ್ನು ಕೊಂಡಿದ್ದ ಚಿಂಗ್‌ಹುವಾ ವಿಶ್ವವಿದ್ಯಾಲಯದ ಯುನಿಗ್ರೂಪ್‌ಗೆ ಮರುವರ್ಷ ಅದೇ ಸರದಿ ಬಂತು. ಈಗ ಫೌಂಡರಿನ ದೊಡ್ಡ ಪಾಲು ಪಿಂಗ್ ಆನ್ ವಿಮಾ ಸಮೂಹದ ಕೈಯಲ್ಲಿದೆ. ಪೀಕಿಂಗ್ ವಿಶ್ವವಿದ್ಯಾಲಯದ ಬಳಿ ಉಳಿದಿರುವುದು ಒಂದು ಕಂಪ್ಯೂಟರ್ ಸಂಶೋಧನಾಲಯ; ಅದಕ್ಕೆ ವಾಂಗ್ ಶುವಾನ್ ಹೆಸರಿಟ್ಟಿದ್ದಾರೆ.