ಕಿವಿಗಿಲ್ಲದ ಮೈಲಿಗೆ

ಹಾಡು ಬೇಕು, ಹಾಡುವವಳು ಬ್ಯಾಡ. ಇದು ಯಾವ ಸೀಮೆಯ ನ್ಯಾಯ?

ಅಮೆರಿಕದ ಕಪ್ಪು ಜನರ ರೆಕಾರ್ಡುಗಳನ್ನು ಒಂದು ಕಾಲಕ್ಕೆ 'ರೇಸ್ ರೆಕಾರ್ಡ್ಸ್' ಅಂತಲೇ ಮಾರುತ್ತಿದ್ದರು. ಹಾಡಿಗೂ ಬ್ಯಾರೆ ಕೇರಿ! 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಪಟ್ಟಿಯನ್ನು 'ರಿದಮ್ ಆ್ಯಂಡ್ ಬ್ಲೂಸ್' ಎಂದು ಕರೆಯಿತು. ಹೆಸರು ಬದಲಾಯಿತು, ಕೇರಿ ಅಲ್ಲೇ ಉಳಿಯಿತು. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಹಾಡಿದ 'ಹೌಂಡ್ ಡಾಗ್' ಮರುವರ್ಷ ಏಳು ವಾರ ಆ ಪಟ್ಟಿಯ ತುದಿಯಲ್ಲಿತ್ತು. ತಮಗೆ ದಕ್ಕಿದ್ದು ಐನೂರು ಡಾಲರಿನ ಒಂದು ಚೆಕ್ಕು ಎಂದು ಅವರೇ ಹೇಳಿದ್ದರು. 1956ರಲ್ಲಿ ಎಲ್ವಿಸ್ ಪ್ರೀಸ್ಲಿ ಅದನ್ನೇ ಹಾಡಿದ, ಲಕ್ಷಗಟ್ಟಲೆ ಮಾರಿತು. (ಹಾಡು ಬರೆದವರು ಇಬ್ಬರು ಬಿಳಿಯ ಹುಡುಗರು. ಹಾಗಾಗಿ ಕಳ್ಳ ಇವನೇ ಅಂತ ಬೆರಳು ತೋರಿಸೋದು ಅಷ್ಟು ಸಲೀಸಲ್ಲ.)

'ಅಮೆರಿಕದ ಮಾತು ನಮಗ್ಯಾಕ್ರೀ?' ಅಂತ ವಿದ್ಯಾನಗರದ ಹಾಸ್ಟೆಲ್ ಗೆಳೆಯರು ಕೇಳಿಯಾರು. ವಿದ್ಯಾನಗರದಿಂದ ದೇಶಪಾಂಡೆ ನಗರಕ್ಕೆ ಎಷ್ಟು ಹಾದಿ? ಗಂಗೂಬಾಯಿ ಹಾನಗಲ್ ಇದ್ದದ್ದು ಅಲ್ಲೇ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಹಾಡುವ ಹೆಂಗಸರ ಮನೆತನದವರು, ಕೀಳು ಅನ್ನಿಸಿಕೊಂಡ ಜಾತಿಯವರು. ಸಣ್ಣಾಕಿಯಿದ್ದಾಗ ಬ್ರಾಹ್ಮಣರ ಹಿತ್ತಲಿನ ಮಾವಿನಕಾಯಿ ಕದ್ದಾಗ, ಕಾಯಿ ಹೋದದ್ದಕ್ಕಿಂತ ಹಾಡುವವಳ ಮಗಳು ಹಿತ್ತಲಲ್ಲಿ ಕಾಲಿಟ್ಟದ್ದೇ ದೊಡ್ಡ ತಪ್ಪಾಗಿತ್ತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹನ್ನೊಂದರ ಆ ಹುಡುಗಿ ಸ್ವಾಗತಗೀತೆ ಹಾಡಿದಳು. ಗಾಂಧೀಜಿ ಅಧ್ಯಕ್ಷರು. ಹುಡುಗಿಗೆ ಅಂಜಿಕೆ ಹಾಡಿನದಲ್ಲ. ಊಟದ ಹೊತ್ತಿಗೆ ಬ್ಯಾರೆ ಕೂಡಿಸಿಯಾರೋ ಅಂತ! ಮುಂದೆ ಹಿತ್ತಲಿನಿಂದ ಅಟ್ಟಿದ ಜನವೇ ಮನೆಗೆ ಕರೆದು ಉಣ್ಣಿಸಿತು. 2002ರಲ್ಲಿ ಪದ್ಮವಿಭೂಷಣವೂ ಬಂತು. ಆದರೂ ಗಂಡಸಾದರೆ ಪಂಡಿತ, ಉಸ್ತಾದ. ಹೆಂಗಸು ಮಾತ್ರ ಬಾಯಿ ಎಂದು ಅವರು ಚುಚ್ಚಿ ಹೇಳುತ್ತಿದ್ದರು. 2009ರಲ್ಲಿ ತೀರಿಕೊಂಡರು.

ಕಿವಿಗೆ ಮೈಲಿಗೆಯಿಲ್ಲ, ಪಂಕ್ತಿಗೆ ಇದೆ. ಮದುವೆಯ ದಿಬ್ಬಣದ ಮುಂದೆ ಹಲಗಿ ಬೇಕೇ ಬೇಕು. ಸದ್ದಿಗೆ ಕುಣಿಯುವ ಕಾಲುಗಳು ಬಡಿಯುವ ಕೈಯ ಪಕ್ಕ ಉಣ್ಣಲು ಕೂರುವುದಿಲ್ಲ. 'ಕಲೆಗೆ ಜಾತಿಯಿಲ್ಲ' ಅಂತ ವೇದಿಕೆ ಮೇಲೆ ನಿಂತು ಹೇಳುವ ದೊಡ್ಡವರು ಈ ಪಂಕ್ತಿಯ ಕಡೆ ಒಮ್ಮೆ ನೋಡಬೇಕು. ಹಾಗಂತ ಹಾಡು ಕೇಳಿ ಸುಖಪಡುವುದೇ ಪಾಪವೆಂದು ನಾವು ಹೇಳುತ್ತಿಲ್ಲ. ಸುಖಪಟ್ಟವನ ಮೇಲೆ ಋಣವೊಂದು ಬೀಳುತ್ತದೆ, ಚಪ್ಪಾಳೆಯಿಂದ ಅದು ತೀರುವುದಿಲ್ಲ ಎನ್ನುತ್ತಿದ್ದೇವೆ.

ಹಾಡುವವರೇ 'ಒಲ್ಲೆ' ಅನ್ನಬಹುದಲ್ಲ ಎಂದು ಕೆಲವರ ವಾದ. ಎಲ್ಲರಿಗೂ ಆದೀತೆ? ಹನ್ನೊಂದರ ಹುಡುಗಿ ಹ್ಯಾಂಗ ಅಂದಾಳು? ಊರಿನ ಕಾಳುಕಡಿ ನಂಬಿದ ಹಲಗಿಯವನು ಅಂದರೆ ಒಲೆ ಆರುತ್ತದೆ. ರೇ ಚಾರ್ಲ್ಸ್ ಅಂದರು. 1961ರಲ್ಲಿ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ಅವರ ಕಚೇರಿ ಗೊತ್ತಾಗಿತ್ತು. ಕೆಳಗೆ ಕುಣಿಯಲು ಬಿಳಿಯರು, ಕಪ್ಪು ಜನಕ್ಕೆ ಮೇಲಿನ ಬಾಲ್ಕನಿ. ಹಾಡಲಿಲ್ಲ; ಸಂಘಟಕ ಕೋರ್ಟಿಗೆ ಎಳೆದ, ದಂಡ ತೆತ್ತರು. ಆ ವೇಳೆಗೆ ಅವರ 'ಜಾರ್ಜಿಯಾ ಆನ್ ಮೈ ಮೈಂಡ್' ದೇಶಕ್ಕೆಲ್ಲ ಗೊತ್ತಿತ್ತು, ತಡೆದುಕೊಳ್ಳುವ ಶಕ್ತಿ ಇತ್ತು. 1979ರಲ್ಲಿ ಅದೇ ಹಾಡನ್ನು ಜಾರ್ಜಿಯಾ ತನ್ನ ನಾಡಗೀತೆ ಮಾಡಿಕೊಂಡಿತು.

ಈ ಕಥೆಯಲ್ಲಿ ನಮಗೆ ರೇ ಚಾರ್ಲ್ಸ್‌ಗಿಂತ ಬೇರೆಯವರೇ ಮುಖ್ಯ ಅನ್ನಿಸುತ್ತದೆ. ಅಲ್ಲಿನ ವ್ಯವಸ್ಥೆ ಹೀಗಿದೆ ಎಂದು ಅವರಿಗೆ ಸುದ್ದಿ ಮುಟ್ಟಿಸಿದವರು ಅದೇ ಊರಿನ ಪೇನ್ ಕಾಲೇಜಿನ ವಿದ್ಯಾರ್ಥಿಗಳು. ಹಾಡು ಕೇಳಬೇಕಾಗಿದ್ದ ಹುಡುಗರೇ ಹಾಡು ಬಿಟ್ಟುಕೊಟ್ಟರು.

ವಿದ್ಯಾನಗರದ ಕಾಲೇಜುಗಳ ಗ್ಯಾದರಿಂಗಿಗೆ ಈ ವರ್ಷವೂ ಹಲಗಿ ಮೇಳ ಬಂದರೆ, ಅವರ ಎಲೆ ಎಲ್ಲಿ ಹಾಕ್ತೀರಿ ಅಂತ ಮೊದಲೇ ಕೇಳುವ ಹುಡುಗರು ಎಷ್ಟು ಮಂದಿ ಇದ್ದಾರೆ?